ಲಂಡನ್ನಿನ ಕಾರನ್ನು ಬೆಂಗಳೂರಿಗೆ ತರುವುದೇ, ಅಲ್ಲೇ ಮಾರುವುದೇ? ತಂದವರು ತಿಳಿಸಿ

ಊರಿಗೆ ಹೊರಟವನು: ಕುಟುಂಬ ಸಮೇತ ಬೆಂಗಳೂರಿಗೆ ಮರಳುತ್ತಿದ್ದೇವೆ. ನಮ್ಮ ಪೆಟ್ರೋಲ್ ಕಾರು 2020ರಲ್ಲಿ ತಯಾರಾದದ್ದು, ಸ್ಟಿಯರಿಂಗ್ ಬಲಕ್ಕಿದೆ. ಇಲ್ಲಿ ಮಾರಿದರೆ ಒಂಬತ್ತು ಸಾವಿರ ಪೌಂಡ್ ಸಿಗುತ್ತದೆ. ಮಗಳು ಮಾರಲು ಬಿಡುತ್ತಿಲ್ಲ. ತಂದವರು ಖರ್ಚು ಎಷ್ಟಾಯಿತು, ತೊಡಕು ಎಲ್ಲಿ ಬಂತು ಎಂದು ಹೇಳಿದರೆ ಉಪಕಾರವಾಗುತ್ತದೆ.

ಸಿಂಗಪುರ ರಿಟರ್ನ್: ಧೈರ್ಯವಾಗಿ ತನ್ನಿ. ನಾನು 2018ರಲ್ಲಿ ತಂದೆ, ಇವತ್ತಿಗೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಲೆಕ್ಕ ಕೇಳಿ. ನೀವು ಎಷ್ಟು ಕೊಟ್ಟು ಕೊಂಡಿರಿ ಎಂಬ ರಸೀದಿಯನ್ನು ಕಸ್ಟಮ್ಸಿನವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾರು ತಯಾರಾದಾಗಿನ ಹೊಸ ಬೆಲೆ ಹಿಡಿದು, ಮೊದಲ ವರ್ಷ ಮೂರು ತಿಂಗಳಿಗೆ ಶೇಕಡ 4, ಎರಡನೆಯ ವರ್ಷ 3, ಮೂರನೆಯ ವರ್ಷ 2.5ರಂತೆ ಕಳೆಯುತ್ತಾರೆ. ಕಳೆದ ಮೇಲೆ ಹಡಗಿನ ಬಾಡಿಗೆ ಮತ್ತು ವಿಮೆಯನ್ನು ಮತ್ತೆ ಕೂಡಿಸುತ್ತಾರೆ. ಹಾಗೆ ನನ್ನ ಕಾರಿನ ಬೆಲೆ ಹದಿಮೂರೂವರೆ ಲಕ್ಷಕ್ಕೆ ಬಂದು ನಿಂತಿತು. ಆಗ ಮೂಲ ಸುಂಕವೇ ಶೇಕಡ 125. ಅದರ ಮೇಲೆ ಜಿಎಸ್‌ಟಿ, ಸೆಸ್. ಎಲ್ಲ ಸೇರಿ ಕಟ್ಟಿದ್ದು ಮೂವತ್ತು ಲಕ್ಷ. ಕ್ಲಿಯರಿಂಗ್ ಏಜೆಂಟನ ಬಿಲ್ಲಿನಲ್ಲಿ ಬ್ಯಾಟರಿ ಚಾರ್ಜ್ ಮಾಡಿದ್ದಕ್ಕೆ 3,500, ಕಂಟೇನರಿನಿಂದ ಇಳಿಸಿದ್ದಕ್ಕೆ 6,200, ‘ಇತರೆ’ ಎಂಬ ಹೆಸರಿನಲ್ಲಿ 11,000. ಕಾಗದ ತಡವಾದಾಗ ಸರಕು ಅಲ್ಲೇ ಬಿದ್ದಿದ್ದಕ್ಕೆ ಬಂದರಿಗೆ ಡೆಮರೇಜ್ ಬೇರೆ, ಕಂಟೇನರ್ ಹಿಡಿದಿಟ್ಟುಕೊಂಡದ್ದಕ್ಕೆ ಹಡಗು ಕಂಪನಿಗೆ ಡಿಟೆನ್ಷನ್ ಬೇರೆ. ಎರಡೂ ಒಟ್ಟಿಗೆ ಓಡುತ್ತವೆ. ಆದರೆ ಕಾರನ್ನು ರಫ್ತು ಮಾಡಿದ ದಾಖಲೆ ತೋರಿಸಿದಾಗ ಸಿಂಗಪುರದಲ್ಲಿ ಸಿಒಇ (ಕಾರು ಇಟ್ಟುಕೊಳ್ಳಲು ಕೊಳ್ಳಬೇಕಾದ ಪರವಾನಗಿ) ಬಾಕಿ ಅವಧಿಯ ಹಣವೂ ಪಾರ್ಫ್ (ನೋಂದಣಿ ಶುಲ್ಕದ ಒಂದು ಪಾಲಿನ ಮರುಪಾವತಿ) ಹಣವೂ ವಾಪಸು ಬಂತು. ಆ ಲೆಕ್ಕವನ್ನು ಯಾರೂ ಹಿಡಿಯುವುದೇ ಇಲ್ಲ.

ಮಾರಿ ಬಂದವಳು: ಹದಿಮೂರೂವರೆ ಲಕ್ಷದ ಕಾರಿಗೆ ಮೂವತ್ತು ಲಕ್ಷ ತೆರಿಗೆ ಕಟ್ಟಿದವರು ಹೆಮ್ಮೆ ಪಡಲೇಬೇಕು, ಬೇರೆ ದಾರಿ ಏನಿದೆ?

ನಾನು ಬರ್ಮಿಂಗ್‌ಹ್ಯಾಮಿನಿಂದ ತರಲು ಹೊರಟಿದ್ದೆ. ಸಾಗಣೆ ಏಜೆಂಟ್ 450 ಪೌಂಡ್ ಮುಂಗಡ ತೆಗೆದುಕೊಂಡು ಚೆನ್ನೈಗೆ ಹಡಗು ಗೊತ್ತು ಮಾಡಿದ. ಹಳೆಯ ಕಾರು ಇಳಿಯಬೇಕಾದದ್ದು ಮುಂಬೈ ಬಂದರಿನಲ್ಲಿ ಮಾತ್ರ ಎಂದು ನಿಯಮದಲ್ಲೇ ಇದೆ. ಅದು ಅವನಿಗೇ ಗೊತ್ತಿರಲಿಲ್ಲ! ಮುಂಗಡ ಇನ್ನೂ ಬಂದಿಲ್ಲ. ಮೀಟರ್ ಮೈಲಿಯದು, ಇಲ್ಲಿಗೆ ಕಿಲೋಮೀಟರಿನದು ಬೇಕು. ಅದನ್ನು ಬದಲಿಸಲು 620 ಪೌಂಡ್ ಕೇಳಿದರು. ಹಡಗು ಹತ್ತಿಸುವ ಮೊದಲು ಒಂದು ತಪಾಸಣೆ ಪತ್ರ, ಇಳಿದ ಮೇಲೆ ಪುಣೆಯ ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ಅಥವಾ ಅಂಥದೇ ಇನ್ನೊಂದು ಸಂಸ್ಥೆಯಲ್ಲಿ ಮತ್ತೊಂದು ಪರೀಕ್ಷೆ. ಸಾಕಪ್ಪಾ ಎಂದು ಮಾರಿದೆ. ಉಳಿದ ತಿಂಗಳುಗಳ ರಸ್ತೆ ತೆರಿಗೆ ಕೇಳದೆಯೇ ವಾಪಸು ಬಂತು. ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಇಲ್ಲಿ ಹೊಸ ಕಾರು ಕೊಂಡೆ. ಬಿಡಿಭಾಗ ಬೇಕೆಂದರೆ ಮರುದಿನ ಸಿಗುತ್ತದೆ. ಸಿಂಗಪುರದವರು ಬಂಪರ್ ಒಡೆದಾಗ ಏನು ಮಾಡುತ್ತಾರೋ ಹೇಳಲಿ.

ಸಿಂಗಪುರ ರಿಟರ್ನ್: ಅಮ್ಮಾ, ತರಲಾರದೆ ಬಿಟ್ಟವರು ತಂದವರಿಗೆ ಪಾಠ ಹೇಳಬೇಡಿ. ಬಂಪರ್ ಒಡೆದಿಲ್ಲ. ನಾನು ನೋಡಿಕೊಂಡು ಓಡಿಸುತ್ತೇನೆ.

ದುಬೈ ಪುತ್ತೂರು: ಇಷ್ಟು ಸುಂಕ ಯಾಕೆ ಕಟ್ಟುತ್ತೀರಿ ಮಾರಾಯರೇ? ನಾನು ಕಾರ್ನೆ ಮೇಲೆ, ಅಂದರೆ ಕಾರನ್ನು ಸ್ವಲ್ಪ ಕಾಲಕ್ಕೆ ತಂದು ವಾಪಸು ಒಯ್ಯುವವರಿಗೆ ಕೊಡುವ ಕಾಗದದ ಮೇಲೆ ತಂದೆ, ಸುಂಕ ಸೊನ್ನೆ. ಎಡಗಡೆ ಸ್ಟಿಯರಿಂಗ್ ಎಂದು ಪೊಲೀಸರು ತಡೆದಾಗಲೆಲ್ಲ 1988ರ ಮೋಟಾರು ವಾಹನ ಕಾಯ್ದೆಯ 120ನೆಯ ಕಲಮನ್ನು ಮೊಬೈಲಿನಲ್ಲಿ ತೋರಿಸುತ್ತಿದ್ದೆ: ತಿರುವಿನ ಸಂಕೇತ ಕೊಡುವ ಸಾಧನ ಸರಿಯಾಗಿದ್ದರೆ ಓಡಿಸಬಹುದು. ಆರು ತಿಂಗಳೊಳಗೆ ವಾಪಸು ಒಯ್ಯಬೇಕು, ಅಷ್ಟೆ. ಒಯ್ದೆ. ಆದರೆ ಹೊರಡುವಾಗ ಕಾರ್ನೆಯ ಒಂದು ಚೀಟಿಗೆ ಮುದ್ರೆ ಒತ್ತಿಸದೆ ನನ್ನ ಏಜೆಂಟ್ ಹಾಗೆಯೇ ಕಳಿಸಿಬಿಟ್ಟ. ಕಾರು ದುಬೈಯಲ್ಲಿ ಕಣ್ಣೆದುರು ನಿಂತಿದೆ, ಕಾಗದದ ಪ್ರಕಾರ ಭಾರತದಲ್ಲೇ ಇದೆ! ಕಾರ್ನೆ ಕೊಟ್ಟ ಮೋಟಾರು ಕ್ಲಬ್ಬಿನಲ್ಲಿ ಇಟ್ಟ ಠೇವಣಿ ಬಿಡಿಸಿಕೊಳ್ಳುವಷ್ಟರಲ್ಲಿ ಕೂದಲು ನರೆಯಿತು. ಅದೊಂದು ಬಿಟ್ಟರೆ ಇದೇ ಒಳ್ಳೆಯ ದಾರಿ.

ಮಾರಿ ಬಂದವಳು: ವಾಪಸು ಒಯ್ಯುವ ಕಾರಿನ ಕಥೆ, ನೆಲೆಸಲು ಬರುವವರಿಗೆ ಯಾತಕ್ಕೆ?

ಸುಮ್ಮನೆ ಓದುವವನು: ಪ್ರಶ್ನೆ ಯಾರಾದರೂ ಓದಿದಿರಾ? ಕಾರು 2020ರದು. ತಯಾರಾಗಿ ಮೂರು ವರ್ಷ ದಾಟಿದ ಹಳೆಯ ಕಾರು ಭಾರತದ ಆಮದು ನಿಯಮದಡಿ ಬರುವಂತೆಯೇ ಇಲ್ಲ.

ಟೊರೊಂಟೊ ಗೌಡ: ಭಾರತದ್ದು ಬಿಡಿ. ನಾನು ಮಿಷಿಗನ್ನಿನಿಂದ ಕೆನಡಾಕ್ಕೆ ತಂದದ್ದನ್ನು ಕೇಳಿ. ಗಡಿ ದಾಟುವ 72 ಗಂಟೆ ಮೊದಲೇ ಮಾಲೀಕತ್ವದ ಪತ್ರವನ್ನು ಅಮೆರಿಕದ ಕಸ್ಟಮ್ಸಿಗೆ ಒಪ್ಪಿಸಬೇಕು. ರೀಕಾಲ್ (ದೋಷ ಸರಿಪಡಿಸಲು ಕಾರನ್ನು ವಾಪಸು ಕರೆಯುವುದು) ಬಾಕಿ ಇಲ್ಲ ಎಂದು ತಯಾರಕರಿಂದ ಪತ್ರ ಬೇಕು. ಹಗಲಲ್ಲೂ ಉರಿಯುವ ದೀಪ ಬೇಕು. ನನ್ನ ಕಾರಿಗೆ ಇರಲಿಲ್ಲ, 240 ಡಾಲರ್ ಕೊಟ್ಟು ಹಾಕಿಸಿದೆ. ಹಾಕಿದವನು ತಂತಿ ತಪ್ಪಾಗಿ ಕೊಟ್ಟು ರೇಡಿಯೊ ಸುಟ್ಟಿತು, ಅದಕ್ಕೆ ಇನ್ನೊಂದು 310. ಬಂದ 45 ದಿನದೊಳಗೆ ತಪಾಸಣೆ ಆಗಬೇಕು. ಹದಿನೈದು ವರ್ಷ ಹಳೆಯದಾದರೆ ಈ ರಗಳೆ ಬಹುಪಾಲು ಇಲ್ಲ. ಅಲ್ಲಿ ಹಳೆಯದಾದಷ್ಟೂ ಸಲೀಸು, ನಮ್ಮಲ್ಲಿ ಉಲ್ಟಾ.

ಸಿಂಗಪುರ ರಿಟರ್ನ್: ಸೇತುವೆ ದಾಟಿದವರು ಸಮುದ್ರ ದಾಟಿದವರೊಂದಿಗೆ ಪೈಪೋಟಿಗೆ ಇಳಿಯಬೇಡಿ. ಬಂದರಿನಿಂದ ಬಿಡಿಸಿಕೊಂಡ ಮೇಲೂ ನನಗೆ ಮುಗಿಯಲಿಲ್ಲ. ಆರ್‌ಟಿಒದಲ್ಲಿ ಸುಂಕವನ್ನೂ ಸೇರಿಸಿ ಬೆಲೆ ಕಟ್ಟಿದರು. ಇಪ್ಪತ್ತು ಲಕ್ಷ ದಾಟಿದ್ದಕ್ಕೆ ಜೀವಾವಧಿ ತೆರಿಗೆ ಶೇಕಡ 18. ತೆರಿಗೆಯ ಮೇಲೆ ತೆರಿಗೆ, ಏಳು ಲಕ್ಷ ಎಂಬತ್ತು ಸಾವಿರ. ಕಟ್ಟಿದೆ. ಗೊಣಗಲಿಲ್ಲ.

ದುಬೈ ಪುತ್ತೂರು: ಈಗ ಮಾಡುತ್ತಿರುವುದು ಗೊಣಗಾಟವಲ್ಲದೆ ಏನು? ನನ್ನ ಭಾವ ಪುದುಚೇರಿಯಲ್ಲಿ ನೋಂದಣಿ ಮಾಡಿಸಿ ಈ ಜೀವಾವಧಿ ತೆರಿಗೆಯ ಹತ್ತಿರವೂ ಹೋಗಲಿಲ್ಲ.

ಊರಿಗೆ ಹೊರಟವನು: ಕ್ಷಮಿಸಿ, ಆ ಮೂರು ವರ್ಷ ತಯಾರಾದ ದಿನದಿಂದಲೋ, ಮೊದಲ ನೋಂದಣಿಯಿಂದಲೋ?

ಸುಮ್ಮನೆ ಓದುವವನು: ತಯಾರಾದ ದಿನದಿಂದ. ಮಾರಿಬಿಡಿ.

ಸಿಂಗಪುರ ರಿಟರ್ನ್: ಪುದುಚೇರಿ ಎಂದಿರಾ? ನಾವು ಪ್ರಾಮಾಣಿಕವಾಗಿ ಕಟ್ಟಿದ ತೆರಿಗೆಯ ರಸ್ತೆಯಲ್ಲಿ ನಿಮ್ಮ ಭಾವ ಬಿಟ್ಟಿ ಓಡಾಡುವುದಕ್ಕೆ ನಾಚಿಕೆ ಇಲ್ಲವೇ? ಬೇರೆ ರಾಜ್ಯದ ಗಾಡಿ ಇಲ್ಲಿ ಹನ್ನೆರಡು ತಿಂಗಳು ಮೀರಿ ಇದ್ದರೆ ಇಲ್ಲಿಯ ನೋಂದಣಿ ಮಾಡಿಸಲೇಬೇಕು.

ದುಬೈ ಪುತ್ತೂರು: ಅವರು ಬಾಡಿಗೆಗೆ ಮನೆ ಮಾಡಿ ಅಲ್ಲಿಯ ವಿಳಾಸ ಪಡೆದಿದ್ದಾರೆ. ಕರಾರು ಪತ್ರ ಇದೆ.

ಮಾರಿ ಬಂದವಳು: ಕರಾರು ಇದೆ, ಸರಿ. ಆ ಮನೆಯಲ್ಲಿ ಎಂದಾದರೂ ಮಲಗಿದ್ದಾರೆಯೇ?

ದುಬೈ ಪುತ್ತೂರು: ಮೇಡಂ, ಸುಂಕದ ಚರ್ಚೆಗೆ ನಮ್ಮ ಅಕ್ಕನ ಸಂಸಾರವನ್ನು ಎಳೆಯಬೇಡಿ.

ಟೊರೊಂಟೊ ಗೌಡ: ರೇಡಿಯೊ ಸುಟ್ಟದ್ದಕ್ಕೆ ಪರಿಹಾರ ಕೇಳಲು ಬರುತ್ತದೆಯೇ? ಗೊತ್ತಿದ್ದವರು ತಿಳಿಸಿ.