ಫ್ಲೂರೊಸೆಂಟ್ ನ್ಯಾನೊಕಣ: ‘ಪ್ರತಿದೀಪ್ತ’ವೋ ‘ಪ್ರತಿದೀಪಕ’ವೋ?

ಜೀರ್ಣನಾಳದ ಚಿತ್ರಣಕ್ಕೆಂದು ಬಾಯಿಯ ಮೂಲಕ ಕೊಡುವ ಫ್ಲೂರೊಸೆಂಟ್ ನ್ಯಾನೊಕಣಗಳ ಕುರಿತ ಲೇಖನವೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೊದಲ ಕರಡಿನಲ್ಲಿ ‘ಹೊಳೆಯುವ ನ್ಯಾನೊಕಣ’ ಎಂದಿದ್ದೆ. ಮರುದಿನ ಓದಿದಾಗ ಅದು ಸರಿಯೆನಿಸಲಿಲ್ಲ. ಕನ್ನಡಿ ಹೊಳೆಯುವುದು ತನ್ನ ಮೇಲೆ ಬಿದ್ದ ಬೆಳಕನ್ನೇ ಹಿಂದಿರುಗಿಸಿ. ಈ ಕಣಗಳಾದರೋ ಬಿದ್ದ ಬೆಳಕನ್ನು ಹೀರಿಕೊಂಡು, ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚಿನ ತರಂಗದೂರದ ಬೇರೊಂದು ಬೆಳಕನ್ನು ಹೊಮ್ಮಿಸುತ್ತವೆ. ಬಣ್ಣ ಬೇರೆಯಾಗಿರುವುದರಿಂದಲೇ ಹೊರಗಿನ ಬೆಳಕನ್ನು ಫಿಲ್ಟರಿನಿಂದ ತಡೆದು, ಕಣದ ಬೆಳಕನ್ನಷ್ಟೇ ಕ್ಯಾಮೆರಾಕ್ಕೆ ಬಿಡುವುದು ಸಾಧ್ಯವಾಗುತ್ತದೆ. ಅಲ್ಲದೆ, ದೇಹದ ಒಳಗಿಂದ ಹೊರಬರಲು ಅನುಕೂಲವೆಂದು ಆರಿಸಿಕೊಳ್ಳುವ 700ರಿಂದ 900 ನ್ಯಾನೊಮೀಟರಿನ ಬೆಳಕು ಬಹುಮಟ್ಟಿಗೆ ಕಣ್ಣಿಗೆ ಕಾಣದ ಅವಕೆಂಪು. ಕಾಣದ್ದನ್ನು ‘ಹೊಳೆಯುವ’ ಎನ್ನುವುದು ಹೇಗೆ?

ಪಠ್ಯಪುಸ್ತಕಗಳ ‘ಪ್ರತಿದೀಪ್ತಿ’ ಇದಕ್ಕಿಂತ ಮೇಲು. ‘ಪ್ರತಿಫಲನ’, ‘ಪ್ರತಿಬಿಂಬ’ಗಳ ನೆನಪಿನಿಂದ ಅದೂ ಕನ್ನಡಿಯ ಕಡೆಗೇ ಎಳೆಯುತ್ತದೆ ಎಂಬ ಆಕ್ಷೇಪವುಂಟು. ನಾನು ಇಲ್ಲಿಯ ‘ಪ್ರತಿ’ಯನ್ನು ‘ಪ್ರತ್ಯುತ್ತರ’ದ ‘ಪ್ರತಿ’ಯೆಂದು ಓದುತ್ತೇನೆ: ಕೇಳಿದ್ದು ಒಂದು ಮಾತು, ಬಂದದ್ದು ಇನ್ನೊಂದು. ಮೂಲ ಪದವಾದ ‘ಫ್ಲೂರೊಸೆನ್ಸ್’ನಲ್ಲಿ ಬೆಳಕಿನ ಸುಳಿವೇ ಇಲ್ಲ. 1852ರಲ್ಲಿ ಭೌತವಿಜ್ಞಾನಿ ಜಾರ್ಜ್ ಸ್ಟೋಕ್ಸ್ ಅದನ್ನು ಫ್ಲೂರ್‌ಸ್ಪಾರ್ ಎಂಬ ಖನಿಜದ ಹೆಸರಿನಿಂದ ಕಟ್ಟಿದರು. ಆ ಹೆಸರಿನ ಬೇರು ‘ಹರಿಯುವುದು’ ಎಂಬರ್ಥದ ಲ್ಯಾಟಿನ್ ಧಾತು. ನಮ್ಮ ‘ಹೊಳೆ’ಗೂ ಹರಿವು, ಹೊಳಪು ಎರಡೂ ಅರ್ಥಗಳಿರುವುದು ಬರಿಯ ಕಾಕತಾಳೀಯ, ಹಳಗನ್ನಡದಲ್ಲಿ ನದಿ ‘ಪೊೞೆ’, ಬೆಳಗುವುದು ‘ಪೊಳೆ’.

ದೇಹದಲ್ಲೋ ಆಹಾರದಲ್ಲೋ ಮೊದಲೇ ಇರುವ ವಸ್ತುಗಳ ಪ್ರತಿದೀಪ್ತಿಗೆ ಆಟೊಫ್ಲೂರೊಸೆನ್ಸ್ ಎನ್ನುತ್ತಾರೆ. ಅದಕ್ಕೆ ‘ಸ್ವಯಂಪ್ರತಿದೀಪ್ತಿ’ ಎಂದರೆ ಹೊರಬೆಳಕಿಲ್ಲದೆಯೇ ಬೆಳಗುವುದೆಂಬ ಭ್ರಮೆ ಹುಟ್ಟುತ್ತದೆ. ಸೊಪ್ಪು ಬೆರೆತ ಮೇವು ತಿಂದ ಪ್ರಯೋಗದ ಇಲಿಯ ಕರುಳಿನಲ್ಲಿ ಪತ್ರಹರಿತ್ತು ತಾನೇ ಕೆಂಪಗೆ ಪ್ರತಿದೀಪಿಸಿ ಚಿತ್ರವನ್ನು ಕೆಡಿಸುತ್ತದೆ. ಆದ್ದರಿಂದ ಚಿತ್ರಣಕ್ಕೆ ಮುಂಚೆ ಪತ್ರಹರಿತ್ತಿಲ್ಲದ ಮೇವು ಕೊಡುವುದುಂಟು. ಆದರೆ ಪತ್ರಹರಿತ್ತು ಹೀಗೆ ಪ್ರತಿದೀಪಿಸುವುದಕ್ಕೂ ಹೊರಗಿನ ಬೆಳಕು ಬೇಕೇ ಬೇಕು. ‘ಸಹಜ ಪ್ರತಿದೀಪ್ತಿ’ ಎಂದರೆ ಸಾಕೆಂದು ನನ್ನ ಎಣಿಕೆ.

‘ಜೀರ್ಣನಾಳ’ದ ಬಗ್ಗೆ ನನಗೆ ಸಂಶಯವಿಲ್ಲ. ‘ಅನ್ನನಾಳ’ವೆಂದರೆ ಗಂಟಲಿನಿಂದ ಜಠರದವರೆಗಿನ ಭಾಗವಷ್ಟೇ ಎಂದು ಹಲವರು ತಿಳಿಯುತ್ತಾರೆ, ‘ಜೀರ್ಣಾಂಗವ್ಯೂಹ’ದಲ್ಲಿ ಯಕೃತ್ತು, ಮೇದೋಜೀರಕಗಳೂ ಸೇರುತ್ತವೆ. ನಾಳದ ಚಿತ್ರಣಕ್ಕೆ ಬೇಕಾದ ಕಣವಾದರೋ ರಕ್ತಕ್ಕೆ ಹೀರಲ್ಪಡದೆ, ನಾಳದಲ್ಲೇ ಸಾಗಿ ಹೊರಹೋಗಬೇಕು.

ಉಳಿದದ್ದು ವಿಶೇಷಣದ ಪ್ರಶ್ನೆ. ‘ದೀಪ್ತ’ವೆಂದರೆ ಆಗಲೇ ಬೆಳಗಿದ್ದು, ಬೆಳಕು ತಾಗುವ ಮೊದಲು ಕಣ ಕತ್ತಲೆಯಲ್ಲೇ ಇರುತ್ತದೆ. ಹಾಗಾಗಿ, ಗುಣವನ್ನು ಸೂಚಿಸುವ ‘ಪ್ರತಿದೀಪಕ’ದ ಕಡೆಗೆ ನನ್ನ ಒಲವು. ಆದರೆ ಆಯುರ್ವೇದದಲ್ಲಿ ‘ದೀಪನ’, ‘ದೀಪಕ’ ಎಂದರೆ ಜಠರಾಗ್ನಿಯನ್ನು ಉದ್ದೀಪಿಸುವಂಥದ್ದು. ಹೊಟ್ಟೆಯ ವಿಷಯದ ಬರಹದಲ್ಲಿಯೇ ‘ಪ್ರತಿದೀಪಕ’ವೆಂದು ಬರೆದರೆ, ‘ಪ್ರತಿ’ಯನ್ನು ‘ವಿರುದ್ಧ’ವೆಂದು ಓದಿಕೊಂಡು, ಹಸಿವನ್ನು ಅಡಗಿಸುವ ಔಷಧವೆಂದು ಓದುಗರು ತಿಳಿದಾರೇ?