ಅಪ್‌ಡೇಟ್: ಮೆಟ್ರೋದಲ್ಲಿ ಎದೆ ಡವಡವ

ಕಬ್ಬನ್ ಪಾರ್ಕ್ ಹತ್ರ ನೇರಳೆ ಲೈನ್ ರೈಲು ನೆಲದೊಳಗೆ ಹೋದ ತಕ್ಷಣ ಎದೆ ಹೊಡ್ಕೊಂಡು ಕೈ ಬೆವರುತ್ತೆ, ಇಸಿಜಿ ನಾರ್ಮಲ್, ಏನ್ಮಾಡ್ಲಿ ಅಂತ ಕೇಳಿದ್ದೆನಲ್ಲ.

ನೀವು ಹೇಳಿದ ಹಾಗೆ ಟೆಲಿ ಮಾನಸ್‌ 14416ಕ್ಕೆ (ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ) ಫೋನ್ ಮಾಡಿದೆ. ಪುಕ್ಕಟೆ, ಕನ್ನಡದಲ್ಲೇ ಮಾತಾಡಿದ್ರು. ಆಮೇಲೆ ನಿಮ್ಹಾನ್ಸ್‌. ಬೆಳಿಗ್ಗೆ ಬೇಗ ಹೋಗಿ, ಜನ ಜಾಸ್ತಿ. ಥೈರಾಯ್ಡ್ ಹೆಚ್ಚಾದ್ರೂ ಹೀಗಾಗುತ್ತಂತೆ, ಅದಕ್ಕೆ ಮೊದಲು ರಕ್ತ ಪರೀಕ್ಷೆ. ಅದೂ ಸರಿ ಇತ್ತು. ಪ್ಯಾನಿಕ್ ಅಟ್ಯಾಕ್, ಅಂದ್ರೆ ಇದ್ದಕ್ಕಿದ್ದಂತೆ ಬರೋ ಜೋರು ಗಾಬರಿ ಅಂದ್ರು ಡಾಕ್ಟರ್.

ನನಗೆ ನಾಟಿದ್ದು ಒಂದೇ ಮಾತು: ಗಾಬರಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ತಾನೇ ಇಳಿಯುತ್ತೆ, ಮಧ್ಯದಲ್ಲೇ ರೈಲಿಂದ ಇಳಿದು ಓಡಿದ್ರೆ ಭಯ ಗಟ್ಟಿಯಾಗುತ್ತೆ. ಈಗ ವಿಧಾನಸೌಧ ಸ್ಟೇಷನ್‌ನಲ್ಲಿ ಬಾಗಿಲು ತೆರೆದಾಗ ಕಾಲು ಎಳೆಯುತ್ತೆ, ಆದ್ರೂ ಕಂಬ ಹಿಡ್ಕೊಂಡು, ಉಸಿರು ನಿಧಾನಕ್ಕೆ ಉದ್ದವಾಗಿ ಬಿಡ್ತಾ, ಮೆಜೆಸ್ಟಿಕ್‌ವರೆಗೂ ನಿಂತಿರ್ತೀನಿ. ಕೆಲವು ದಿನ ಅಂಗಿ ಒದ್ದೆ, ಅಷ್ಟೇ.

ಇದಕ್ಕೆ ಡಾಕ್ಟರ್ ಕೊಡೋ ಮಾತ್ರೆ ಬಗ್ಗೆ ಕೇಳಿದವರಿಗೆ: ಕೆಲಸ ಮಾಡೋಕೆ ಕೆಲವು ವಾರ ಬೇಕು, ಮಧ್ಯದಲ್ಲಿ ನಾವೇ ನಿಲ್ಲಿಸಬಾರದು. ಅಮ್ಮ ದೃಷ್ಟಿನೂ ತೆಗೆದ್ರು, ಬೇಡ ಅನ್ನಲಿಲ್ಲ. ಫಿಲ್ಟರ್ ಕಾಫಿ ಮಾತ್ರ ಬೆಳಿಗ್ಗೆ ಒಂದಕ್ಕೆ ಇಳಿಸಿದ್ದೀನಿ, ಅದೇ ದೊಡ್ಡ ಕಷ್ಟ!