ಅಪ್ಪನಿಗೆ ಬಿಪಿಎಲ್ ಕಾರ್ಡೇ ಸಾಕಾ, ಯಶಸ್ವಿನಿಯಾ, ಪಾಲಿಸಿಯಾ? ಅನುಭವ ಇದ್ದವರು ಹೇಳಿ

ತಿಪಟೂರು ಹುಡುಗ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 66 ವರ್ಷ, ಹನ್ನೆರಡು ವರ್ಷದಿಂದ ಶುಗರ್ ಇದೆ. ಹೋದ ತಿಂಗಳು ಇಸಿಜಿಯಲ್ಲಿ ಏನೋ ವ್ಯತ್ಯಾಸ ಕಂಡು ಆಂಜಿಯೋಗ್ರಾಂ ಮಾಡಿಸಿ ಅಂದಿದ್ದಾರೆ. ನಮ್ಮದು ಬಿಪಿಎಲ್ ಕಾರ್ಡು. ನನ್ನ ಹೆಸರೂ ಅದರಲ್ಲೇ ಇದೆ. ನಾನು ಬೆಂಗಳೂರಲ್ಲಿ ಕೆಲಸದಲ್ಲಿದ್ದೇನೆ, ಈ ವರ್ಷದಿಂದ ಐಟಿ ರಿಟರ್ನ್ ಹಾಕುತ್ತಿದ್ದೇನೆ. ಹೆಸರು ತೆಗೆಸಲಾ, ಸುಮ್ನೆ ಇರಲಾ? ಡೇರಿಯಲ್ಲಿ ಯಶಸ್ವಿನಿ (ಸಹಕಾರ ಸಂಘದ ಸದಸ್ಯರ ಆರೋಗ್ಯ ಯೋಜನೆ) ಮಾಡಿಸಿ ಅಂತ ಅಮ್ಮ ಹೇಳುತ್ತಿದ್ದಾರೆ. ಏಜೆಂಟ್ ಒಬ್ಬರು 5 ಲಕ್ಷದ ಪಾಲಿಸಿಗೆ ವರ್ಷಕ್ಕೆ 34 ಸಾವಿರ ಅನ್ನುತ್ತಾರೆ. ಯಾವುದು ಸರಿ?

ಪಾಲಿಸಿ ಸುಟ್ಟವ, ರಾಜಾಜಿನಗರ:
ಪಾಲಿಸಿ ಅಂದ ಕೂಡಲೇ ಹೊಟ್ಟೆ ಉರಿಯುತ್ತೆ, ಅದಕ್ಕೇ ಬರೆಯುತ್ತಿದ್ದೇನೆ. ಏಳು ವರ್ಷ ಒಂದು ದಿನ ತಪ್ಪದೆ ಕಟ್ಟಿದ್ದೆ. 3 ಲಕ್ಷದ ಪಾಲಿಸಿ. ಅಮ್ಮನಿಗೆ ಗಾಲ್‌ಬ್ಲಾಡರ್ ಆಪರೇಷನ್ ಆಯಿತು, ಜೊತೆಗೆ ಸೋಂಕು, ಐದು ದಿನ ಆಸ್ಪತ್ರೆ. ರೂಮ್ ಬಾಡಿಗೆ ಪಾಲಿಸಿ ಮೊತ್ತದ, ಅಂದರೆ ಸಮ್ ಇನ್ಶೂರ್ಡ್‌ನ ಶೇ. 1 ಅಂತ ಎಲ್ಲೋ ಇರುವೆ ಅಕ್ಷರದಲ್ಲಿ ಇತ್ತಂತೆ. ಅಂದರೆ ದಿನಕ್ಕೆ 3,000. ಆಸ್ಪತ್ರೆಯವರು 'ಅದೊಂದೇ ರೂಮ್ ಖಾಲಿ ಇದೆ ಸರ್' ಅಂತ 6,000ದ ರೂಮ್ ಕೊಟ್ಟರು. ದಿನಕ್ಕೆ ಮೂರು ಸಾವಿರ ನಾನೇ ಹಾಕಿಕೊಂಡರಾಯಿತು ಅಂದುಕೊಂಡೆ. ಅಲ್ಲೇ ಗುಂಡಿಗೆ ಬಿದ್ದೆ.

ಬಿಲ್ 2,45,300. ರೂಮ್ 30,000ಕ್ಕೆ 15,000 ಕೊಟ್ಟರು. ಡಾಕ್ಟರ್ ಫೀಸು, ಓಟಿ, ನರ್ಸಿಂಗ್ ಎಲ್ಲ ಸೇರಿ 1,40,000. ಅದಕ್ಕೂ ಅರ್ಧ ಕತ್ತರಿ. ರೂಮ್ ಮಿತಿಗಿಂತ ದುಪ್ಪಟ್ಟಲ್ವಾ, ಹಾಗಾಗಿ ಉಳಿದದ್ದೂ ಅರ್ಧ! ಔಷಧಿ 58,000 ಪೂರ್ತಿ ಕೊಟ್ಟರು, ದೊಡ್ಡ ಮನಸ್ಸು. ಗ್ಲೌಸ್, ಸಿರಿಂಜ್, ಏಪ್ರನ್, 'ಅಡ್ಮಿಷನ್ ಕಿಟ್' ಅಂತ 17,300. ಅದಕ್ಕೆ ಸೊನ್ನೆ. ಆ ಕಿಟ್‌ನಲ್ಲಿ ಏನಿತ್ತು ಗೊತ್ತಾ? ಒಂದು ಬಾಚಣಿಗೆ, ಒಂದು ಸೋಪು, ಬೆರಳುದ್ದದ ಟೂತ್‌ಪೇಸ್ಟ್. ನನ್ನ ಕೈಯಿಂದ 1,02,300 ಹೋಯಿತು. ಬಾಚಣಿಗೆ ಈಗಲೂ ಮನೆಯಲ್ಲಿದೆ, ಯಾರಿಗೂ ಬಳಸೋಕೆ ಬಿಟ್ಟಿಲ್ಲ.

ಇನ್ನೊಂದು. 2025ರ ಸೆಪ್ಟೆಂಬರ್ 22ರಿಂದ ಹೆಲ್ತ್ ಪಾಲಿಸಿಗೆ ಶೇ. 18 ಜಿಎಸ್‌ಟಿ ಇಲ್ಲ ಅಂದಾಗ ಮನೆಯಲ್ಲಿ ಪಾಯಸ ಮಾಡುವುದೊಂದು ಬಾಕಿ. ಮೊದಲು 27,000 ಮೇಲೆ ಟ್ಯಾಕ್ಸು, ಒಟ್ಟು 31,860 ಕಟ್ಟುತ್ತಿದ್ದೆ. ಟ್ಯಾಕ್ಸ್ ಹೋದ ಮೇಲೆ ರಿನ್ಯೂವಲ್ ಬಂತು: 33,500.

ಹಾಸನದ ಸೊಸೆ:
ತಮ್ಮಾ, ಬಿಪಿಎಲ್ ಕಾರ್ಡ್ ಇದ್ದರೆ ಕಣ್ಣಿಗೆ ಒತ್ತಿಕೊಂಡು ಇಟ್ಟುಕೊಳ್ಳಿ. ನಮ್ಮ ಮಾವನಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಅನ್ನುವ ಸರ್ಕಾರಿ ಚಿಕಿತ್ಸಾ ಯೋಜನೆಯಲ್ಲೇ ಎರಡು ಸ್ಟೆಂಟ್ ಹಾಕಿಸಿದೆವು. ಆಸ್ಪತ್ರೆ ಬಿಲ್ ಒಂದು ರೂಪಾಯಿ ಇಲ್ಲ. ಆದರೆ 'ಉಚಿತ' ಅಂತ ಟಿವಿಯಲ್ಲಿ ಹೇಳುವವರನ್ನು ಹಿಡಿದು ಕೂರಿಸಿ ನನ್ನ ಡೈರಿ ಓದಿಸಬೇಕು. ಟ್ಯಾಕ್ಸಿ ಹೋಗಿ ಬಂದಿದ್ದು 9,000. ಅಡ್ಮಿಟ್ ಆಗುವ ಮುಂಚೆ ಹೊರಗೆ ಮಾಡಿಸಿದ ಟೆಸ್ಟು 5,200. ಲಾಡ್ಜ್ ಎಂಟು ದಿನ, ದಿನಕ್ಕೆ 700, ಅಂದರೆ 5,600. ಊಟ, ಕಾಫಿ, ಎಳನೀರು 3,840. ಒಟ್ಟು 23,640.

ಮತ್ತೆ ರೆಫರಲ್ ಕಥೆ, ಅಂದರೆ ದೊಡ್ಡಾಸ್ಪತ್ರೆಗೆ ಕಳಿಸುವ ಚೀಟಿಯದ್ದು. ಮೊದಲು ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಜಿಲ್ಲಾಸ್ಪತ್ರೆ, ಅಲ್ಲಿ ಚೀಟಿ. ಚೀಟಿಯಲ್ಲಿ ಮಾವನ ಹೆಸರಿಗೆ ಇನಿಶಿಯಲ್ ಇಲ್ಲ, ಆಧಾರ್‌ನಲ್ಲಿ ಇದೆ. ಬೆಂಗಳೂರಿನ ಕೌಂಟರ್‌ನಲ್ಲಿ ಆರೋಗ್ಯ ಮಿತ್ರ (ಯೋಜನೆಯ ಕಾಗದ ನೋಡುವವರು) ಆ ಒಂದು ಅಕ್ಷರ ನೋಡಿ ವಾಪಸ್ ಕೊಟ್ಟರು. ನಮ್ಮೆಜಮಾನರು ರಾತ್ರಿ ಬಸ್ಸಿಗೆ ಹಾಸನಕ್ಕೆ ಬಂದು ಬೆಳಿಗ್ಗೆ ಸರಿ ಮಾಡಿಸಿ ಮತ್ತೆ ಹೋದರು. ಮಾವ ಮಾತ್ರ ಎಕ್ಸ್‌ರೇ ಕವರ್ ತಲೆ ಅಡಿ ಇಟ್ಟುಕೊಂಡು ವರಾಂಡದಲ್ಲಿ ಗೊರಕೆ ಹೊಡೆಯುತ್ತಿದ್ದರಂತೆ.

ಆದರೂ ಹೇಳುತ್ತೇನೆ, ನಮ್ಮನೆಗೆ ಗೆಲುವೇ ಅದು.

ಎರಡೆರಡು ತೆರಿಗೆ, ವೈಟ್‌ಫೀಲ್ಡ್:
ಮೇಡಂ, ಬಿಪಿಎಲ್ ಕಾರ್ಡಿನವರು 9,000 ಕೊಟ್ಟು ಟ್ಯಾಕ್ಸಿ ಮಾಡಿಕೊಂಡು ಹೋದಿರಾ? ಬಸ್ ಇರಲಿಲ್ವಾ? ಆ ಸ್ಟೆಂಟು ನಮ್ಮ ತೆರಿಗೆ ದುಡ್ಡಿನದ್ದು. ಪ್ರಶ್ನೆ ಕೇಳಿದ ಹುಡುಗನಿಗೂ ಇದೇ ಮಾತು. ಐಟಿ ರಿಟರ್ನ್ ಹಾಕಿಕೊಂಡು ಬಿಪಿಎಲ್ ಇಟ್ಟುಕೊಳ್ಳಲಾ ಅಂತ ಕೇಳೋಕೆ ನಾಚಿಕೆ ಆಗಬೇಕು. ನಾನು ತಿಂಗಳಿಗೆ ಎಷ್ಟು ಟಿಡಿಎಸ್ ಕೊಡುತ್ತೇನೆ ಗೊತ್ತಾ? ನಮ್ಮಪ್ಪನಿಗೆ ಏನೂ ಸಿಗಲಿಲ್ಲ. ಐಸಿಯು ನಾಲ್ಕು ದಿನಕ್ಕೆ 3.8 ಲಕ್ಷ ಕಾರ್ಡ್ ಉಜ್ಜಿದೆ. ಆ ಇಎಂಐ ಇನ್ನೂ ನಡೆಯುತ್ತಿದೆ.

ಹಾಸನದ ಸೊಸೆ:
ಎದೆನೋವಿನ 71 ವರ್ಷದವರನ್ನು ಬಸ್ಸಿನಲ್ಲಿ ನಿಲ್ಲಿಸಿಕೊಂಡು ಹೋಗಬೇಕಿತ್ತಾ? ನಾವು ಸೋಪಿಗೂ ಕಟ್ಟುತ್ತೇವೆ ಸ್ವಾಮಿ, ಬೈಕಿಗೆ ಹಾಕಿಸುವ ಪೆಟ್ರೋಲಿಗೂ ಕಟ್ಟುತ್ತೇವೆ. ತೆರಿಗೆ ಅಂದರೆ ಟಿಡಿಎಸ್ ಒಂದೇ ಅಲ್ಲ.

ಧಾರವಾಡದಾಕಿ:
ಐಟಿ ರಿಟರ್ನ್ ಮಾತು ಬಂತಲ್ರೀ, ಅದಕ್ಕ ನಂದೂ ಕೇಳ್ರಿ. 2024ರ ನವೆಂಬರಿನಾಗ ಬಿಪಿಎಲ್ ಕಾರ್ಡ್ ರದ್ದು ಗದ್ದಲ ನೆನಪೈತಲ್ಲ? ನಮ್ಮದೂ ಹೋತು. ನ್ಯಾಯಬೆಲೆ ಅಂಗಡಿಯಾಗ ಅತ್ತಿ ಥಂಬ್ ಕೊಟ್ಟರು, ಮಷೀನ್ ಎಪಿಎಲ್ ಅಂತು. ಅಂಗಡಿಯಂವ ಚೀಲ ಮಡಚಿ ವಾಪಸ್ ಕೊಟ್ಟ. ಕಾರಣ ಏನಂತೀರಿ? ನನ್ನ ಮಗ ಟಾಟಾ ಏಸ್ ಸಾಲಕ್ಕ ಅಂತ ರಿಟರ್ನ್ ಹಾಕಿದ್ದ. ಟ್ಯಾಕ್ಸ್ ಸೊನ್ನೆ! ಸಾಲನೂ ಸಿಗಲಿಲ್ಲ, ಅದು ಬ್ಯಾರೆ ಮಾತು.

ತಾಲ್ಲೂಕ ಆಫೀಸಿಗೆ ಆರು ಸಲ ಹೋದೆ. ಒಂದಿನ ಸರ್ವರ್ ಇಲ್ಲ, ಒಂದಿನ ಸಾಹೇಬ್ರಿಲ್ಲ, ಒಂದಿನ ಎರಡೂ ಅದಾವ, ಕರೆಂಟ್ ಇಲ್ಲ. ಗದ್ದಲ ಜಾಸ್ತಿ ಆದ ಮ್ಯಾಲೆ, ಸರ್ಕಾರಿ ನೌಕರರು ಮತ್ತ ತೆರಿಗಿ ಕಟ್ಟೋರದ್ದು ಬಿಟ್ಟು ಉಳಿದವರದ್ದು ವಾಪಸ್ ಅಂತ ಮುಖ್ಯಮಂತ್ರಿನೇ ಹೇಳಿದರು. ನಮ್ಮದೂ ಬಂತು. ಆದರ ಅದೇ ನಡುವ ಅತ್ತಿಗೆ ಹರ್ನಿಯಾ ಆಪರೇಷನ್ ಬಂತಲ್ರೀ. ಎಪಿಎಲ್‌ನವರಿಗೆ ಸರ್ಕಾರ ಕೊಡೋದು ಶೇ. 30. ಉಳಿದ ರೊಕ್ಕಕ್ಕ ಬಂಗಾರದ ಬಿಲ್ವರ ಅಡ ಇಟ್ಟೆ. ಕಾರ್ಡು ವಾಪಸ್ ಬಂತು. ಬಿಲ್ವರ ಇನ್ನೂ ಬ್ಯಾಂಕಿನಾಗ ಅದಾವ.

ಪಾಲಿಸಿ ಸುಟ್ಟವ, ರಾಜಾಜಿನಗರ:
ಎಪಿಎಲ್‌ಗೆ ಬಿಲ್ಲಿನ ಶೇ. 30 ಸಿಗುತ್ತಾ? ಹಾಗಾದರೆ ನಾನು ಏಳು ವರ್ಷ ಕತ್ತೆ ಕಾದೆನಾ!

ಬಿಲ್ಲಿಂಗ್ ಕೌಂಟರ್:
ಬಿಲ್ಲಿನ ಶೇ. 30 ಅಲ್ಲ ಸರ್, ಪ್ಯಾಕೇಜ್ ದರದ (ಒಂದೊಂದು ಚಿಕಿತ್ಸೆಗೆ ಸರ್ಕಾರ ಕಟ್ಟಿದ ದರ) ಶೇ. 30. ಅದೂ ವರ್ಷಕ್ಕೆ ಕುಟುಂಬಕ್ಕೆ ಒಂದೂವರೆ ಲಕ್ಷದ ಒಳಗೆ. ಬಿಪಿಎಲ್‌ಗೆ 5 ಲಕ್ಷ. ಈ ವ್ಯತ್ಯಾಸ ಹೇಳಿ ಹೇಳಿ ನನ್ನ ಗಂಟಲು ಹೋಗಿದೆ.

ನಾನು ಒಂದು ಸಣ್ಣ ನರ್ಸಿಂಗ್ ಹೋಮ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಜನ ನಮ್ಮನ್ನು ಕಳ್ಳರ ಹಾಗೆ ನೋಡುತ್ತಾರೆ. ಪ್ಯಾಕೇಜ್ ದರದಲ್ಲಿ ಅನಸ್ತೇಶಿಯಾ ಡಾಕ್ಟರ್ ಫೀಸು, ಔಷಧಿ, ಊಟ, ಬೆಡ್ಡು ಎಲ್ಲ ಬರಬೇಕು. ಪ್ರೀ-ಆಥ್ (ಮುಂಚಿತ ಅನುಮತಿ) ಹಾಕು, ಫೋಟೋ ಹಾಕು, ಡಿಸ್ಚಾರ್ಜ್ ದಿನ ರೋಗಿ ಪಕ್ಕ ನಿಂತು ಇನ್ನೊಂದು ಫೋಟೋ ಹಾಕು. ಒಂದು ಕಾಗದ ಮಸುಕಾಗಿದ್ದರೆ ಕ್ಲೇಮ್ ವಾಪಸ್. ದುಡ್ಡು ಬರೋದು ಯಾವತ್ತೋ, ನನ್ನ ಸಂಬಳ ಮಾತ್ರ ಒಂದನೇ ತಾರೀಕು ಬೇಕು ನೋಡಿ. ಹೋದ ವರ್ಷ ನಮ್ಮ ಡಾಕ್ಟರು ಸ್ಕೀಮೇ ಬೇಡ ಅಂತ ಬಿಟ್ಟರು. ಮಾರನೇ ದಿನ ಬಾಗಿಲಲ್ಲಿ ನಿಂತು 'ಇಲ್ಲಿ ಇಲ್ಲ, ಜಿಲ್ಲಾಸ್ಪತ್ರೆಗೆ ಹೋಗಿ' ಅಂತ ಹೇಳಿದವಳು ನಾನು. ಬೈಸಿಕೊಂಡವಳೂ ನಾನೇ.

ಎರಡೆರಡು ತೆರಿಗೆ, ವೈಟ್‌ಫೀಲ್ಡ್:
ಪಾಪ ಆಸ್ಪತ್ರೆಗಳು! 2017ರ ಫೆಬ್ರುವರಿವರೆಗೆ ಲಕ್ಷದ ಮೇಲೆ ಮಾರುತ್ತಿದ್ದ ಸ್ಟೆಂಟ್‌ಗೆ ಕೇಂದ್ರ ಸರ್ಕಾರ 29,600 ಅಂತ ದರ ಕಟ್ಟಿತಲ್ಲ, ಯಾವ ಆಸ್ಪತ್ರೆ ಮುಚ್ಚಿತು?

ಬಿಲ್ಲಿಂಗ್ ಕೌಂಟರ್:
ಸ್ಟೆಂಟ್ ಮಾರೋದು ಕಾರ್ಪೊರೇಟ್ ಆಸ್ಪತ್ರೆ ಸರ್. ನಮ್ಮಲ್ಲಿ ಇರೋದು ಹದಿನೆಂಟು ಬೆಡ್ಡು, ಒಂದು ಜನರೇಟರು. ಅದೂ ಕೆಟ್ಟಿದೆ.

ಡೇರಿ ಕಾರ್ಯದರ್ಶಿ (ನಿವೃತ್ತ), ಮಂಡ್ಯ ಕಡೆ:
ಮಗುವಿನ ಪ್ರಶ್ನೆಯಲ್ಲಿ ಯಶಸ್ವಿನಿ ಇತ್ತು, ಒಬ್ಬರಾದರೂ ಉತ್ತರ ಕೊಟ್ಟಿರಾ? ಆಯುಷ್ಮಾನ್ ಅನ್ನುವ ಹೆಸರು ಹುಟ್ಟಿದ್ದು 2018ರಲ್ಲಿ. ನಾವು 2003ರಲ್ಲೇ ಹಾಲು ಹಾಕುವವರ ಲೆಕ್ಕದಲ್ಲಿ ತಲೆಗೆ ವರ್ಷಕ್ಕೆ 60 ರೂಪಾಯಿ ಹಿಡಿದು ಆಪರೇಷನ್ ಮಾಡಿಸಿದವರು. ತಿಂಗಳಿಗೆ ಐದು ರೂಪಾಯಿ! ಒಂದು ಲೀಟರ್ ಹಾಲಿನ ದುಡ್ಡೂ ಅಲ್ಲ. ಜನ ಕೊಡೋಕೆ ಗೊಣಗುತ್ತಿದ್ದರು. 'ನಮಗೆ ಕಾಯಿಲೆ ಬರಲಿ ಅಂತ ಕಾಯ್ತಿದ್ದೀರಾ' ಅಂತ ಒಬ್ಬಾಕೆ ಕ್ಯಾನ್ ಕುಕ್ಕಿದ್ದಳು. ಮರುವರ್ಷ ಅವಳ ಗಂಡನಿಗೇ ಹಾರ್ಟ್ ಆಪರೇಷನ್ ಆಯಿತು. ಆಮೇಲೆ ದೀಪಾವಳಿಗೆ ಕಜ್ಜಾಯ ತಂದುಕೊಟ್ಟಳು.

2018ರಲ್ಲಿ ಆರೋಗ್ಯ ಕರ್ನಾಟಕ ಬಂದು ನಮ್ಮದನ್ನು ನುಂಗಿತು. ನನ್ನ ಮಂಡಿ ಹೋಗಿದ್ದೂ ಆಗಲೇ, ಇರಲಿ. 2022ರ ಕೊನೆಗೆ ಮತ್ತೆ ನೋಂದಣಿ ಶುರುವಾಯಿತು, 2023ರ ಜನವರಿಯಿಂದ ಚಿಕಿತ್ಸೆ. ಈಗ ಹಳ್ಳಿಯಲ್ಲಿ ನಾಲ್ಕು ಜನದ ಕುಟುಂಬಕ್ಕೆ 500, ಪಟ್ಟಣದಲ್ಲಿ 1,000. ವರ್ಷಕ್ಕೆ 5 ಲಕ್ಷದವರೆಗೆ. ಕಡೇ ದಿನಾಂಕ ತಪ್ಪಿದರೆ ಮುಂದಿನ ಸಲವೇ. ಆಪರೇಷನ್ ಪಟ್ಟಿಯಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ನನ್ನ ಮಂಡಿ ಬದಲಾವಣೆ ಹಳೇ ಪಟ್ಟಿಯಲ್ಲಿ ಇರಲಿಲ್ಲ. ಸಾವಿರಾರು ಜನಕ್ಕೆ ಫಾರಂ ತುಂಬಿಸಿದವನು ಕೊನೆಗೆ ಎರಡು ಹಸು ಮಾರಿದೆ.

ಕನ್ನಡಿಗ, ಮ್ಯಾಂಚೆಸ್ಟರ್:
ಇಂಥ ಗೋಳು ಇಲ್ಲಿಲ್ಲ. 1948ರಿಂದ ಸರ್ಕಾರದ ಆರೋಗ್ಯ ಸೇವೆ ಎನ್‌ಎಚ್‌ಎಸ್ ಇದೆ. ಕಾರ್ಡು, ಪ್ಯಾಕೇಜು, ಮಿತ್ರ ಏನೂ ಬೇಡ. ಆದರೆ ನನ್ನ ಹರ್ನಿಯಾಗೆ ಹದಿನಾಲ್ಕು ತಿಂಗಳು ಕಾದೆ. 18 ವಾರದೊಳಗೆ ಚಿಕಿತ್ಸೆ ಶುರುವಾಗಬೇಕು ಅನ್ನೋದು ಗುರಿಯಂತೆ, ಗುರಿ ಮಾತ್ರ. ವೀಸಾಗೆ ಅಂತ ವರ್ಷಕ್ಕೆ ತಲೆಗೆ 1,035 ಪೌಂಡ್ ಹೆಲ್ತ್ ಸರ್ಚಾರ್ಜ್ ಬೇರೆ ಮುಂಗಡ ಕಟ್ಟಿದ್ದೇನೆ. ಕಡೆಗೆ ರಜೆಗೆ ಬಂದಾಗ ಮೈಸೂರಲ್ಲಿ ಮಾಡಿಸಿಕೊಂಡು ಹೋದೆ.

ಧಾರವಾಡದಾಕಿ:
ಗೋಳಿಲ್ಲ ಅಂತೀರಿ, ಹದಿನಾಲ್ಕು ತಿಂಗಳು ಅಂತೀರಿ, ಮೈಸೂರಿಗೂ ಬರ್ತೀರಿ. ಒಂದ ಮಾತು ಮಾತಾಡ್ರಿ.

ಉಡುಪಿ ಮಾಸ್ಟ್ರು:
ಎಲ್ಲರೂ ನಿಮ್ಮ ನಿಮ್ಮ ಹರ್ನಿಯಾ ಹಿಡ್ಕೊಂಡು ಕೂತ್ರೆ ಹೇಗೆ ಮಾರಾಯ್ರೇ? ಆ ಹುಡುಗನ ಅಪ್ಪನಿಗೆ ಆಗಲೇ ಇಸಿಜಿ ಬಂದಾಗಿದೆ, ಶುಗರ್ ಹನ್ನೆರಡು ವರ್ಷದ್ದು. ಈಗ ಪಾಲಿಸಿ ಕೊಂಡರೆ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಮೊದಲು ನಾಲ್ಕಿತ್ತು, 2024ರಲ್ಲಿ ಮೂರಕ್ಕೆ ಇಳಿಸಿದರು. ಏಜೆಂಟ್ 'ಶುಗರ್ ಬರೆಯೋದು ಬೇಡ' ಅಂದಿರಬೇಕಲ್ಲ? ನನಗೂ ಹಾಗೇ ಅಂದಿದ್ದ. ನಾನು ಹಟ ಹಿಡಿದು ಬರೆಸಿದೆ. ಆದರೂ ಹೆಂಡತಿಯ ಕ್ಲೇಮ್ ತಳ್ಳಿಹಾಕಿದರು, ಬಿಪಿ ಮುಚ್ಚಿಟ್ಟಿದ್ದೀರಿ ಅಂತ! ಪ್ರಪೋಸಲ್ ಫಾರಂ ಜೆರಾಕ್ಸ್ ನನ್ನ ಹತ್ತಿರ ಇತ್ತು, ಮೂರನೇ ಪುಟದಲ್ಲಿ ನನ್ನದೇ ಕೈಬರಹ. ಕಂಪನಿಗೆ ಬರೆದು ಒಂದು ತಿಂಗಳು ಕಾದೆ, ಆಮೇಲೆ ವಿಮೆಯ ದೂರು ಕೇಳುವ ವಿಮಾ ಲೋಕಪಾಲರಿಗೆ ಬರೆದೆ. ಫೀಸಿಲ್ಲ, ವಕೀಲರು ಬೇಡ. 1,86,000 ಪೂರ್ತಿ ಬಂತು. ಆ ಜೆರಾಕ್ಸ್‌ಗೆ ಕೊಟ್ಟದ್ದು ಆರು ರೂಪಾಯಿ.

ಪಾಲಿಸಿ ಸುಟ್ಟವ, ರಾಜಾಜಿನಗರ:
ನಿಮ್ಮದು ರಿಜೆಕ್ಟ್, ನನ್ನದು ಕಡಿತ. ಎರಡೂ ಒಂದೇ ಅಲ್ಲ. ಗೆದ್ದವರಿಗೆ ಮಾತು ಸುಲಭ.

ಉಡುಪಿ ಮಾಸ್ಟ್ರು:
ನೀವು ಲೋಕಪಾಲರಿಗೆ ಬರೆದಿದ್ದಿರಾ ಇಲ್ವಾ, ಅದು ಹೇಳಿ.

ಪಾಲಿಸಿ ಸುಟ್ಟವ, ರಾಜಾಜಿನಗರ:
ಬರೆದಿಲ್ಲ. ಆಗ ಅಮ್ಮನನ್ನು ನೋಡಿಕೊಳ್ಳಬೇಕಿತ್ತು. ವರ್ಷ ಕಳೆದೇ ಹೋಯಿತು.

ಎರಡೆರಡು ತೆರಿಗೆ, ವೈಟ್‌ಫೀಲ್ಡ್:
ಅದೆಲ್ಲ ಬಿಡಿ, ಗೃಹಲಕ್ಷ್ಮಿಯ 2,000 ತಿಂಗಳಿಗೆ ಹಂಚುವ ಬದಲು ತಾಲ್ಲೂಕು ಆಸ್ಪತ್ರೆಗೊಬ್ಬ ಹೃದಯದ ಡಾಕ್ಟರನ್ನು ಹಾಕಿದ್ದರೆ…

ಹಾಸನದ ಸೊಸೆ:
ನಮ್ಮತ್ತೆ ಆ 2,000ದಲ್ಲೇ ಮಾವನ ಮಾತ್ರೆ ತರೋದು. ಸ್ಟೆಂಟ್ ಸರ್ಕಾರ ಹಾಕಿತು, ಆಮೇಲಿನ ಮಾತ್ರೆ ಯಾರು ಕೊಡುತ್ತಾರೆ? ಜನೌಷಧಿಯಲ್ಲಿ ತಂದರೂ ತಿಂಗಳಿಗೆ ಏಳುನೂರು ಬೇಕು. ಡಾಕ್ಟರನ್ನೂ ಹಾಕಲಿ, ಬೇಡ ಅಂದವರು ಯಾರು?

ಡೇರಿ ಕಾರ್ಯದರ್ಶಿ (ನಿವೃತ್ತ), ಮಂಡ್ಯ ಕಡೆ:
ಹಾಕಿದರೂ ನಿಲ್ಲಬೇಕಲ್ಲ. ನಮ್ಮೂರಿನ ಆಸ್ಪತ್ರೆಯಲ್ಲಿ ಕ್ವಾರ್ಟರ್ಸ್ ಇದೆ, ಅದರಲ್ಲಿ ಈಗ ಪಾರಿವಾಳ ಇವೆ.

ತಿಪಟೂರು ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. ಏಜೆಂಟ್ ಶುಗರ್ ಬರೆಯಬೇಡಿ ಅಂದಿದ್ದು ನಿಜ ಮಾಸ್ಟ್ರೇ, ಅವರಿಗೆ ಬೇಡ ಅಂತ ಹೇಳಿದೆ. ನನ್ನ ಹೆಸರು ತೆಗೆಸೋಕೆ ಅರ್ಜಿ ಕೊಡುತ್ತೇನೆ. ಅದಕ್ಕೆ ಮೊದಲು ಆಂಜಿಯೋಗ್ರಾಂ ಮುಗಿಯಲಿ ಅಂತ ಅಮ್ಮ ಹಟ ಮಾಡುತ್ತಿದ್ದಾರೆ. ನಾಳೆ ತಾಲ್ಲೂಕು ಆಸ್ಪತ್ರೆಗೆ ಚೀಟಿಗೆ ಹೋಗುತ್ತೇವೆ.

ಎರಡೆರಡು ತೆರಿಗೆ, ವೈಟ್‌ಫೀಲ್ಡ್:
ನೋಡಿದಿರಾ? 'ಅದಕ್ಕೆ ಮೊದಲು!'

ಬಿಲ್ಲಿಂಗ್ ಕೌಂಟರ್:
ತಮ್ಮಾ, ಇವರ ಮಾತು ಬಿಡು. ರಾತ್ರಿ ಎದೆನೋವು ಜೋರಾದರೆ ಚೀಟಿಗೆ ಕಾಯಬೇಡ. ಎಮರ್ಜೆನ್ಸಿಗೆ ರೆಫರಲ್ ಬೇಕಿಲ್ಲ, ನೇರ ಕರೆದುಕೊಂಡು ಹೋಗು. ರೇಷನ್ ಕಾರ್ಡು, ಆಧಾರ್ ಮೊಬೈಲಲ್ಲಿ ಫೋಟೋ ತೆಗೆದಿಟ್ಟುಕೋ.

ಹಾಸನದ ಸೊಸೆ:
ಚೀಟಿಯಲ್ಲಿ ಇನಿಶಿಯಲ್ ಕೌಂಟರ್ ಬಿಡುವ ಮುಂಚೆಯೇ ನೋಡಿಕೊ. ಲಾಡ್ಜ್ ಬೇಕಾದರೆ ನಾವು ಇದ್ದದ್ದರ ನಂಬರ್ ಪ್ರತ್ಯೇಕ ಕಳಿಸುತ್ತೇನೆ. ರೂಮ್ ಪರವಾಗಿಲ್ಲ. ಬಿಸಿನೀರು ಮಾತ್ರ ಬೆಳಿಗ್ಗೆ ಆರರಿಂದ ಏಳು, ಆಮೇಲೆ ಬರಲ್ಲ.